ತಾತನ ಗಡಿಯಾರ ಕರಗಿಸಲು ಹೋದದ್ದು

೧೯೮೪ರ ನನ್ನ ನೋಟುಬುಕ್ಕಿನಲ್ಲಿ ಮೇ ೧೧ರಿಂದ ೧೩ರವರೆಗೆ ಬರೀ ಗೀಟುಗಳಿವೆ. ತಾತ ತನ್ನ ಚಿನ್ನದ ಜೇಬುಗಡಿಯಾರದ ಗುಂಡಿ ಒತ್ತಿದ ಪ್ರತಿ ಸಲಕ್ಕೂ ಒಂದು ಗೀಟು. ಮೊದಲ ದಿನ ಹನ್ನೆರಡು, ಆಮೇಲೆ ಹದಿನಾಲ್ಕು, ಹದಿಮೂರು.

ತಾತನಿಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ಹಿಂದೆ ಚಿನ್ನದ ಗಣಿಯ ಬಂಗಲೆಯಲ್ಲಿ ಅಡುಗೆ ಮಾಡಿಕೊಂಡಿದ್ದಾಗ, ಇಂಗ್ಲೆಂಡಿಗೆ ವಾಪಸು ಹೊರಟ ದೊರೆ ಕೊಟ್ಟ ಗಡಿಯಾರ ಅದು. ಮುಚ್ಚಳದ ತುಂಬ ದ್ರಾಕ್ಷಿ ಬಳ್ಳಿಯ ಕೆತ್ತನೆ. ಗುಂಡಿ ಒತ್ತಿದರೆ ಎಷ್ಟು ಗಂಟೆಯೋ ಅಷ್ಟು ಸಲ ದಪ್ಪ ದನಿ, ಮೇಲೆ ಕಾಲುಗಂಟೆಗೊಂದರಂತೆ ಸಣ್ಣ ದನಿ. ತಾತ ಕಿವಿಗಿಟ್ಟುಕೊಂಡು ಎಣಿಸುತ್ತಿದ್ದ.

ನನ್ನ ಮದುವೆ ಗೊತ್ತಾದಾಗ, ಅದನ್ನು ಕರಗಿಸಿ ನನಗೆ ಸರ ಮಾಡಿಸುವುದೆಂದು ಅಪ್ಪ ತೀರ್ಮಾನಿಸಿದ. ತಾತ ಒಪ್ಪಿಬಿಟ್ಟ.

"ನಿಂಗೇ ಅಲ್ವಾ ಕೂಸೇ, ತಗೊಂಡೋಗು. ಮೈನ್ಸ್ ಸೈರನ್ ಐತಲ್ಲ, ನಂಗಷ್ಟು ಸಾಕು."

ನಿಜಕ್ಕೂ ಸಾಕೇ ಎಂದು ನೋಡಲು ನಾನು ಗೀಟು ಹಾಕತೊಡಗಿದೆ.

ಗಣಿ ಊರಿನಲ್ಲಿ ನಮ್ಮಂಥ ಕಾರ್ಮಿಕರ ಮನೆಯಿಂದ ಚಿನ್ನ ಹೊರಬಂದರೆ, ಎಲ್ಲಿಂದ ಬಂತೆಂದು ನೂರು ಜನ ಕೇಳುತ್ತಾರೆ. ಅದಕ್ಕೇ ಮೇ ೧೪ರ ಸೋಮವಾರ ಅಪ್ಪನೂ ನಾನೂ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬಂಗಾರಪೇಟೆಯ ಆಚಾರಿಯ ಅಂಗಡಿಗೆ ಹೋದೆವು.

ಆಚಾರಿ ಮುಚ್ಚಳವನ್ನು ಒರೆಗಲ್ಲಿಗೆ ತೀಡಿ ನೋಡಿದರು. "ಒಳ್ಳೇ ಚಿನ್ನ. ಡಬ್ಬಿ ಕರಗಿಸ್ತೀನಿ. ಒಳಗಿನ ಮಿಷಿನು ನೀವೇ ಮಡಿಕ್ಕಳಿ."

"ಡಬ್ಬಿ ಇಲ್ದೆ ಓಡ್ತದಾ?" ಎಂದೆ.

"ಓಡ್ತದೆ, ನಾಕು ದಿನ. ಧೂಳು ಕುಂತ್ರೆ ನಿಂತೋಯ್ತದೆ ಕಣಮ್ಮ."

ಅವರು ಚಿಮಟ ಎತ್ತಿಕೊಳ್ಳುವಷ್ಟರಲ್ಲಿ ನಾನು ಗಡಿಯಾರ ಕಿತ್ತುಕೊಂಡೆ.

"ಏನ್ಲೇ, ತಲೆ ಕೆಟ್ಟೈತಾ?" ಅಪ್ಪ ರೇಗಿದ. "ಬರಿಗತ್ತಲ್ಲಿ ಅಸೆಮಣೆ ಮೇಲೆ ಕುಂತ್ಕತೀಯಾ?"

"ಕುಂತ್ಕತೀನಿ."

"ಟೈಮ್ ನೋಡ್ಕಂಡು ಮುದುಕ ಯಾವ ಆಪೀಸ್ಗೆ ಓಗ್ಬೇಕು? ಸೈರನ್ ಸಾಲ್ದಾ?"

ನೋಟುಬುಕ್ಕು ತೆಗೆದು ಗೀಟಿನ ಪುಟ ಅವನ ಮುಂದೆ ಹಿಡಿದೆ. "ಸೈರನ್ ಕೂಗೋದು ದಿನ್ಕೆ ಮೂರು ಸಲ. ಮೂರು ದಿನ್ಕೆ ಒಂಬತ್ತು. ತಾತ ಗುಂಡಿ ಒತ್ತಿರೋದು ಮೂವತ್ತೊಂಬತ್ತು ಸಲ. ಮಿಕ್ಕಿದ್ ಮೂವತ್ತು ಸಲ ಶಿಫ್ಟ್ ಬಿಟ್ಟು ಬಂದು ನೀನೇಳ್ತೀಯಾ?"

ಆಚಾರಿ ನಕ್ಕುಬಿಟ್ಟರು. "ಇವಳಿಗೆ ಸರ ಯಾಕ್ರೀ? ಮೇಷ್ಟ್ರ ಬೆತ್ತ ಕೊಡ್ಸಿ."

ಅಪ್ಪ ನಗಲಿಲ್ಲ. ಎದ್ದು ಸ್ಟೇಷನ್ನಿನ ಕಡೆ ಹೊರಟ. ಮನೆಗೆ ಬಂದು ಗಡಿಯಾರವನ್ನು ತಾತನ ಕೈಗೆ ನಾನೇ ಇಟ್ಟೆ.

ಜೂನ್‌ನಲ್ಲಿ ಮದುವೆಯಾಯಿತು. ಅರಿಶಿನ ದಾರದ ತಾಳಿ ಬಿಟ್ಟರೆ ಕತ್ತಿನಲ್ಲಿ ಏನೂ ಇರಲಿಲ್ಲ. ಗಂಡನ ಅಕ್ಕ ನೆಂಟರ ಎದುರಿಗೇ, "ಸರ ಎಲ್ಲಮ್ಮ?" ಎಂದಳು.

"ಮಾಡಿಸ್ಲಿಲ್ಲ. ನಾನೇ ಬ್ಯಾಡ ಅಂದೆ."

ಊಟ ಮುಗಿಯುವ ಹೊತ್ತಿಗೆ ಏಳು ಜನ ಕೇಳಿದ್ದರು. ಏಳು ಜನಕ್ಕೂ ಅದನ್ನೇ ಹೇಳಿದೆ, ತಲೆ ತಗ್ಗಿಸದೆ.