ಅಣುಜೀವಿಗಳಿಗೆ ಅಡುಗೆ ಮಾಡಿದ ಜಲಜಾಕ್ಷಿ

ಮಲ್ಪೆಯ ಜಲಜಾಕ್ಷಿ ಕಲ್ಕತ್ತಾಕ್ಕೆ ಬಂದದ್ದು ಅರವತ್ತೇಳರಲ್ಲಿ, ಖಿದಿರ್‌ಪುರದ ಹಡಗುಕಟ್ಟೆಯಲ್ಲಿ ಕೆಲಸಕ್ಕಿದ್ದ ಪುಂಡಲೀಕನ ಕೈಹಿಡಿದು. ಎರಡೇ ವರ್ಷಕ್ಕೆ ಅವನು ಟೈಫಾಯ್ಡಿಗೆ ತೀರಿಹೋದ. ಮೀನಿನ ಬುಟ್ಟಿ ಹೊತ್ತ ತಾಯಿಯ ಮಗಳು ಅಳುತ್ತ ಕೂರುವ ಪೈಕಿಯೇ? ಟಾಲಿಗಂಜಿನ ಒಂದು ಲಸಿಕೆ ಕಂಪನಿಯಲ್ಲಿ ಸೀಸೆ ತೊಳೆಯುವ ದಿನಗೂಲಿಗೆ ಸೇರಿಕೊಂಡಳು.

ಲಸಿಕೆಗೆ ಅಣುಜೀವಿಗಳನ್ನು ಬೆಳೆಸಬೇಕು, ಅವಕ್ಕೂ ಊಟ ಹಾಕಬೇಕು. ಆ ಊಟದ ಪುಡಿ ಪರದೇಶದಿಂದ ಬರುತ್ತಿತ್ತು. ಆಮದು ನಿಂತಿತು. ಹಾಲಿನ ಪ್ರೋಟೀನನ್ನು ಆಡಿನ ಮೇದೋಜೀರಕ ಗ್ರಂಥಿಯಿಂದ ಜೀರ್ಣ ಮಾಡಿಸಿದರೆ ಆಯಿತು ಎಂದು ಪುಸ್ತಕ ಹೇಳುತ್ತಿತ್ತು. ಆದರೆ ಆ ಗ್ರಂಥಿಗೆ ಕೈ ಹಾಕುವವರು ಯಾರು? ಲ್ಯಾಬಿನ ಮುಖ್ಯಸ್ಥ ವಿಷ್ಣುಮೂರ್ತಿ ಉಡುಪಿಯ ಮಡಿವಂತರು. "ಜಲಜಾಕ್ಷಿ, ನಿನಗೆ ಇದೆಲ್ಲ ಅಭ್ಯಾಸ ಉಂಟಲ್ಲ" ಎಂದು ಅವಳ ತಲೆಗೆ ಕಟ್ಟಿದರು.

ಕಟ್ಟಿದ್ದನ್ನು ಅವಳು ಸಾಧಿಸಿಯೇ ಬಿಟ್ಟಳು. ಕೆನೆ ತೆಗೆದ ಹಾಲು ಒಡೆಸಿ, ಒಡೆದ ಗಟ್ಟಿಯನ್ನು ಏಳು ನೀರಲ್ಲಿ ತೊಳೆದಳು. ಗ್ರಂಥಿಯನ್ನಷ್ಟೇ ಅರೆದು ಹಾಕಿದಾಗ ಎರಡು ಸಲ ಕೆಟ್ಟಿತು. ಮೂರನೇ ಸಲ ಅದಕ್ಕೆ ಅಂಟಿದ ಕರುಳಿನ ತುದಿಯನ್ನೂ ಸೇರಿಸಿ ಐದು ದಿನ ಬೆಚ್ಚಗಿಟ್ಟಳು. ಅಣುಜೀವಿಗಳು ಹಬ್ಬದೂಟ ಸಿಕ್ಕಂತೆ ಬೆಳೆದವು. ಮೂರ್ತಿಯವರು ಅವಳು ಅರೆಯುವ ಕೋಣೆಯ ಹೊಸ್ತಿಲಾಚೆ ಮೂಗಿಗೆ ಕರವಸ್ತ್ರ ಹಿಡಿದು ನಿಂತು, ಕೇಳಿ ಕೇಳಿ ಬರೆದುಕೊಂಡರು. ಎಪ್ಪತ್ಮೂರು ಬಂದರೂ ಒಂದು ದಿನವೂ ಒಳಗೆ ಕಾಲಿಡಲಿಲ್ಲ.

ಆ ವರ್ಷ ಅವರ ಲೇಖನ ಅಚ್ಚಾಯಿತು. "ಎಲ್ಲವನ್ನೂ ನನ್ನ ಕೈಯಾರೆ ಮಾಡಿದೆ" ಎಂದಿತ್ತು. ಅವಳ ಹೆಸರು ಎಲ್ಲೂ ಇಲ್ಲ. ಹೋಗಲಿ ಎನ್ನೋಣವೆಂದರೆ, ಅವಳು ನಾಲ್ಕು ವರ್ಷ ಕಾದ ಖಾಯಂ ಹುದ್ದೆಯ ಕಡತದಲ್ಲೂ ಆ ಮಹಾನುಭಾವರು ಬರೆದರು: ಈಕೆ ಸೀಸೆ ತೊಳೆಯುವವಳು, ಈ ಕೆಲಸದ ಜ್ಞಾನವಿಲ್ಲ. ಗುಮಾಸ್ತ ಅದನ್ನು ಜಲಜಾಕ್ಷಿಗೆ ಓದಿ ಹೇಳಿದ. ಜಗಳಾಡಿದರೆ ಇದ್ದ ಕೂಲಿಯೂ ಹೋದೀತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಬಾಯಿಗೆ ಬೀಗ ಹಾಕಿ ಕಾದಳು.

ಮರುವರ್ಷ ದಿಲ್ಲಿಯಿಂದ ಮೂವರು ತಜ್ಞರು ಬಂದರು. ಲೇಖನ ಓದಿ ಮೆಚ್ಚಿದ್ದರು, ಕೆಲಸವನ್ನು ಕಣ್ಣಾರೆ ನೋಡಬೇಕೆಂದರು. ಕಸಾಯಿಖಾನೆಯಿಂದ ತಟ್ಟೆ ತುಂಬ ಆಡಿನ ಒಳಗಿನ ಮಾಂಸ ಬಂತು. ಮೂರ್ತಿಯವರು ಎಂದಿನಂತೆ ಅವಳತ್ತ ಕೈ ತೋರಿಸಿದರು.

ಜಲಜಾಕ್ಷಿ ಕೈ ಕಟ್ಟಿ ಹಿಂದೆ ಸರಿದಳು. "ನಾನು ಸೀಸೆ ತೊಳೆಯುವವಳು. ಸರ್ ಕೈಯಾರೆ ಮಾಡಿದ್ದು, ಸರ್ ತೋರಿಸಲಿ" ಎಂದಳು, ಹಿಂದಿಯಲ್ಲಿ, ಎಲ್ಲರಿಗೂ ಕೇಳುವಂತೆ.

ಮೊದಲ ಬಾರಿಗೆ ಮೂರ್ತಿಯವರು ಹೊಸ್ತಿಲು ದಾಟಿದರು. ತಟ್ಟೆಯಲ್ಲಿ ತಡಕಾಡಿ ಕರಿಗೆಂಪು ತುಂಡೊಂದನ್ನು ಎತ್ತಿದರು. ಅದು ಗುಲ್ಮ, ಬೇರೆಯೇ ಅಂಗ. ಬೇಕಾದ ಗ್ರಂಥಿ ತೆಳುಬಣ್ಣದ್ದು, ಪಕ್ಕದಲ್ಲೇ ಬಿದ್ದಿತ್ತು. ತಜ್ಞರು ಮುಖ ಮುಖ ನೋಡಿಕೊಂಡರು. ಜಲಜಾಕ್ಷಿಗೆ ಅಯ್ಯೋ ಅನಿಸಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅಂದುಕೊಂಡಳು, ಮೈಯೆಲ್ಲ ತಂಪಾಯಿತು.

ಆ ಕಂಪನಿಯಲ್ಲಿ ಕನ್ನಡ ಬರುತ್ತಿದ್ದದ್ದು ಅವರಿಬ್ಬರಿಗೇ. ಮೂರ್ತಿಯವರು ತಲೆ ಎತ್ತದೆ, ತಗ್ಗಿದ ದನಿಯಲ್ಲಿ ಕನ್ನಡದಲ್ಲೇ ಹೇಳಿದರು: "ಯಾವುದು ಅಂತ ಹೇಳು ಮಾರಾಯ್ತಿ. ಒಂದೂರಿನವರು ನಾವು. ನನ್ನ ಮರ್ಯಾದೆ ಉಳಿಸು."

"ಏನು ಹೇಳುತ್ತಿದ್ದಾರೆ?" ಎಂದರು ಹಿರಿಯ ತಜ್ಞರು.

ಜಲಜಾಕ್ಷಿ ಒಂದಕ್ಷರ ಬಿಡದೆ ಹಿಂದಿಯಲ್ಲಿ ಹೇಳಿದಳು. "ಯಾವುದು ಅಂತ ನನ್ನನ್ನು ಕೇಳುತ್ತಿದ್ದಾರೆ. ಮರ್ಯಾದೆ ಉಳಿಸು ಅನ್ನುತ್ತಿದ್ದಾರೆ."

ತಜ್ಞರು ಕಂಡದ್ದನ್ನೆಲ್ಲ ವರದಿಯಲ್ಲಿ ಬರೆದರು, ಆರು ತಿಂಗಳಲ್ಲಿ ಅವಳ ಖಾಯಂ ಕಾಗದ ಬಂತು. ಮೂರ್ತಿಯವರು ಇನ್ನೂ ಎಂಟು ವರ್ಷ ಅಲ್ಲೇ ಇದ್ದರು, ಎದುರಾದಾಗ ಗೋಡೆ ನೋಡಿಕೊಂಡು ಹೋಗುತ್ತಿದ್ದರು. ಅಷ್ಟು ವರ್ಷ ಕಂಪನಿಯಲ್ಲಿ ಅವಳ ಕಿವಿಗೆ ಕನ್ನಡದ ಒಂದು ಮಾತು ಬೀಳಲಿಲ್ಲ. ಬೀಳದಿದ್ದರೆ ಬೇಡ ಎಂದಳು ಅವಳು.