ಬರಣಿಯೊಳಗಿನ ಟಮಾಟಿ ಸಸಿಗಳು

ಬಸವಕಲ್ಯಾಣದಿಂದ ಹುಮನಾಬಾದಿಗೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಮದುವೆಯಾಗಿ ಬಂದ ಮೇಲೆ ಆ ಒಂದು ತಾಸು ಹಿಂದಕ್ಕೆ ಹೋಗಲು ನನಗೆ ಒಂದೂವರೆ ವರ್ಷ ಹಿಡಿಯಿತು. ಗಂಡ ಮಾತ್ರ ದಿನಾ ಹೋಗಿಬರುತ್ತಿದ್ದರು. ಅವರ ನೌಕರಿ ಹುಮನಾಬಾದಿನಲ್ಲೇ, ನನ್ನ ತವರಿನ ಓಣಿಯಿಂದ ಕೂಗಳತೆಯ ದೂರದಲ್ಲಿ. ಸಂಜೆ ಬಂದು "ನಿಮ್ಮವ್ವ ಸಿಕ್ಕಿದ್ರು, ಅರಾಮ ಇದ್ದಾರ" ಎಂದು ಹೇಳಿ ಊಟಕ್ಕೆ ಕೂತುಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಸಿಟ್ಟು.

ಅತ್ತೆ ಕಳಿಸುತ್ತಿರಲಿಲ್ಲ. ಪಂಚಮಿಗೆ ಎಮ್ಮೆ ಈಯುವುದಿತ್ತು, ದೀಪಾವಳಿಗೆ ಅವರ ಮೊಣಕಾಲು ನೋಯುತ್ತಿತ್ತು. ಮಾವ ತೀರಿಕೊಂಡ ಮನೆ, ಇದ್ದವರು ನಾವು ಮೂರೇ ಮಂದಿ. ಅತ್ತೆ ಹೊರಗೆ ಹೊರಟರೆ ಮುಂಬಾಗಿಲಿಗೆ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. "ಹರೇದ ಹೆಣ್ಣು ಒಬ್ಬಾಕಿ ಇರ್ತೀ, ಯಾರರೆ ಬಂದ್ರ?" ಎನ್ನುತ್ತಿದ್ದರು. ಯಾರು ಬರುತ್ತಾರೆ, ನನ್ನ ಕರ್ಮ! ನಾನು ಹೋಗದಿರಲಿ ಎಂಬುದಕ್ಕೇ ಆ ಬೀಗ ಎಂದು ನನಗೆ ಗೊತ್ತಿತ್ತು.

ಎಸ್ಸೆಸ್ಸೆಲ್ಸಿಯಲ್ಲಿ ನನ್ನದು ಗಣಿತ ಒಂದು ಉಳಿದುಕೊಂಡಿತ್ತು. ಅದೊಂದು ಪಾಸಾದರೆ ಟೀಚರ್ ಟ್ರೇನಿಂಗಿಗೆ ಅರ್ಜಿ ಹಾಕಬಹುದು. ಪರೀಕ್ಷೆ ಹುಮನಾಬಾದಿನಲ್ಲಿ. ಎರಡನೆಯ ವರ್ಷ ಚಳಿ ಶುರುವಾಗುವ ಹೊತ್ತಿಗೆ ಧೈರ್ಯ ಮಾಡಿ ಕೇಳಿದೆ. ಅತ್ತೆ ನಕ್ಕರು. "ಈ ಹಿತ್ತಲದಾಗ ಥಂಡಿಗೆ ಒಂದು ಸಸಿ ಉಳದಿಲ್ಲ. ನೀ ಟಮಾಟಿ ಹಣ್ಣ ಮಾಡಿ ತೋರಸು, ಪರೀಕ್ಷಾ ಬರ್ಯಾಕ ಕಳಸ್ತೀನಿ" ಎಂದರು. ಆಗದ ಮಾತು ಎಂದು ತಿಳಿದೇ ಹೇಳಿದ್ದರು. ನಾನು ಹಟಕ್ಕೆ ಬಿದ್ದು ಹಿತ್ತಲಲ್ಲಿ ಸಸಿ ನೆಟ್ಟೆ.

ನಮ್ಮ ಕಡೆಯ ಚಳಿ ಎಂದರೆ ಬೆಳಗಿನ ಜಾವ ಹಲ್ಲು ಕಟಕಟ ಎನ್ನುವ ಚಳಿ. ಮೊದಲ ವಾರವೇ ನಾಲ್ಕು ಸಸಿ ಕರಕಾಗಿ ಮಲಗಿದವು, ಎರಡನ್ನು ಕೋಳಿ ಕೆದರಿತು. ನಾನು ಹಿತ್ತಲಲ್ಲಿ ಕೂತು ಬಿಕ್ಕುತ್ತಿದ್ದಾಗ ಗೋಡೆಯಾಚೆಯಿಂದ ನೆರೆಯ ಸಾಬರ ಮನೆಯ ಚಿಕ್ಕಮ್ಮ, ನಮ್ಮ ಖಾಲಾ, ಇಣುಕಿದರು. ಅವರ ಗಂಡನದು ಕಿರಾಣಿ ಅಂಗಡಿ. ಮರುದಿನ ಗೋಡೆಯ ಮೇಲಿಂದ ಒಂದೊಂದಾಗಿ ಇಳಿದುಬಂದವು ನೋಡಿ: ಬಾಯಿ ಒಡೆದ ಪೆಪ್ಪರಮೆಂಟಿನ ಬರಣಿಗಳು, ಉಪ್ಪಿನಕಾಯಿಯ ಸೀಳುಬಿಟ್ಟ ಗಾಜಿನ ಜಾಡಿ, ಕಂದೀಲಿನ ಎರಡು ಗಾಜು. ಎಲ್ಲ ಸೇರಿ ಹನ್ನೊಂದು. ಉಳಿದ ಸಸಿಗಳೂ ಹನ್ನೊಂದೇ.

"ಬೇಟಿ, ಹೊತ್ತು ಮುಳುಗಾಗ ಬೋರಲ ಹಾಕು. ಬಿಸಲ ಬಿದ್ದ ಕೂಡ್ಲೆ ತೆಗಿ. ಮರತಿ ಅಂದ್ರ ಒಳಗ ಬೆಂದು ಪಲ್ಯ ಆತಾವ, ನೋಡು ಮತ್ತ" ಎಂದು ಖಾಲಾ ತಾಕೀತು ಮಾಡಿದರು.

ಮರೆಯಲಿಲ್ಲ. ಬೆಳಿಗ್ಗೆ ಬರಣಿ ಎತ್ತಿದರೆ ಒಳಗಿನ ಬೆಚ್ಚನೆಯ ಉಸಿರು ಕೈಗೆ ತಾಗುತ್ತಿತ್ತು. ಸಸಿಗಳು ಗೇಣುದ್ದ ಆದವು. ಅತ್ತೆ ದೂರದಿಂದಲೇ ನೋಡಿ "ಹೂಂ" ಎನ್ನುತ್ತಿದ್ದರು. ಆ ಹೂಂ ಕೇಳಿದಾಗೆಲ್ಲ ನನಗೆ ಒಳಗೊಳಗೇ ಖುಷಿ.

ಎಳ್ಳಮವಾಸ್ಯೆ ಬಂತು. ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಕಾಳು-ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಣ್ಣುವ ಹಬ್ಬ. ವರ್ಷಕ್ಕೊಮ್ಮೆ ನನಗೂ ಬೀಗದಾಚೆ ಹೋಗುವ ದಿನ. ಹಿಂದಿನ ದಿನ ಕೂತು ಭಜ್ಜಿಗೆ ಕಾಳು ಸುಲಿದಿದ್ದೆ. ನಸುಕಿನಲ್ಲಿ ಎದ್ದರೆ ಹೊರಗಾಗಿದ್ದೆ. ಥೂ ಇದರ! ಇಂಥ ದಿನವೇ ಆಗಬೇಕೆ?

ಸೂತಕವಿಲ್ಲ ಎಂದು ಶರಣರು ಸಾರಿಹೇಳಿದ ಊರು ಇದು. ಆ ಸುದ್ದಿ ನಮ್ಮ ಮನೆಯ ಹೊಸ್ತಿಲನ್ನು ಮಾತ್ರ ದಾಟಿರಲಿಲ್ಲ. ಅತ್ತೆ ಹಿತ್ತಲ ಮೂಲೆಯಲ್ಲಿ, ಎಮ್ಮೆ ಕಟ್ಟುವ ಚಪ್ಪರದ ಕೆಳಗೆ ಗೋಣಿತಟ್ಟು ಹಾಸಿದರು. ಮೂರು ದಿನ ಅಲ್ಲೇ. "ಗಿಡಕ್ಕ ಕೈ ಹಚ್ಚಬ್ಯಾಡ, ಒಣಗಿ ಹೋತಾವ. ಬರಣಿ ನಾ ತೆಗೀತೀನಿ" ಎಂದರು. ಗಂಡ ಬುಟ್ಟಿ ಹೊತ್ತರು. ಗಡಿಬಿಡಿಯಲ್ಲಿ ಇಬ್ಬರೂ ಹೊರಟರು, ಬೀಗದ ಸದ್ದು ಕೇಳಿಸಿತು. ಬರಣಿಗಳು ಬೋರಲಾಗಿಯೇ ಇದ್ದವು.

ಹೊತ್ತು ಏರಿತು. ಗಾಜಿನ ಒಳಗೆ ಹನಿಗಟ್ಟಿತು, ಆಮೇಲೆ ಹನಿಯೂ ಆರಿತು. ನಾಲ್ಕು ಹೆಜ್ಜೆ ಆಚೆ ಸಸಿಗಳು ತಲೆ ಬಾಗಿಸತೊಡಗಿದವು. ನಾನು ಗೋಣಿತಟ್ಟಿನ ಅಂಚು ಹಿಡಿದು ಕೂತಿದ್ದೆ. ಮುಟ್ಟಿದರೆ ಒಣಗುತ್ತವೆ ಎಂಬುದನ್ನು ನಾನೂ ನಂಬಿದ್ದೆ. ನನ್ನವ್ವನೂ ಅದನ್ನೇ ಹೇಳಿಕೊಟ್ಟಿದ್ದಳು. ಮುಟ್ಟದಿದ್ದರೆ ಬೇಯುತ್ತವೆ. ಯಾವ ಕಡೆಯಿಂದಲೂ ಪರೀಕ್ಷೆ ಹೋಯಿತು. "ಖಾಲಾ! ಖಾಲಾ!" ಎಂದು ಕೂಗಿದೆ.

ಖಾಲಾ ಗೋಡೆಯ ಮೇಲೆ ತಲೆ ಹಾಕಿದರು. ಅವರ ಮಂಡಿಗೆ ಆ ಗೋಡೆ ಹತ್ತುವ ಶಕ್ತಿಯಿರಲಿಲ್ಲ. ಮೂಲೆಯಲ್ಲಿ ಕೂತ ನನ್ನನ್ನು ನೋಡಿಯೇ ಎಲ್ಲ ತಿಳಿಯಿತು. "ಏಳು ಬೇಟಿ. ಯಾಕ ಕುಂತೀ? ಸಾಯಾಕತ್ತಾವ ಅವು!" ಎಂದು ಗದರಿದರು.

ಎದ್ದೆ. ಗಾಜು ಸುಡುತ್ತಿತ್ತು. ಹನ್ನೊಂದನ್ನೂ ಎತ್ತಿ ಬದಿಗಿಟ್ಟೆ, ಬಾಗಿದ ಸಸಿಗಳಿಗೆ ಎಮ್ಮೆಗಿಟ್ಟ ಕೊಡದಿಂದ ನೀರು ಹಾಕಿದೆ. ಆಮೇಲೆ ಓಡಿಬಂದು ಗೋಣಿಯ ಮೇಲೆ ಕೂತು ಗಳಗಳ ಅತ್ತುಬಿಟ್ಟೆ.

ಸಂಜೆ ಅತ್ತೆ ಬಂದವರೇ ಬರಣಿಗಳನ್ನು ನೋಡಿದರು. "ಯಾರು ತೆಗದ್ರು?"

ನಾನು ಬಾಯಿ ತೆರೆಯುವ ಮೊದಲೇ ಗೋಡೆಯಾಚೆಯಿಂದ ಖಾಲಾ, "ನಾನೇ ರೀ, ಗಳದ್ಲೆ ಉರುಳಿಸ್ದೆ" ಎಂದುಬಿಟ್ಟರು. ಹನ್ನೊಂದೂ ಸಾಲಾಗಿ ನೆಟ್ಟಗೆ ನಿಂತಿದ್ದವು. ಗಳದಿಂದ ಉರುಳಿಸಿದ ಬರಣಿ ಹಾಗೆ ನಿಲ್ಲುತ್ತವೆಯೆ? ಅತ್ತೆ ನನ್ನ ಮುಖ ನೋಡಿ, ಬುಟ್ಟಿ ಒಳಗೆ ಒಯ್ದರು.

ಆ ದಿನದಿಂದ ಅತ್ತೆ ಬೆಳಿಗ್ಗೆ ಎದ್ದ ಕೂಡಲೇ ಹಿತ್ತಲಿಗೆ ಹೋಗಿ ಒಂದೊಂದೇ ಗಿಡ ನೋಡುತ್ತಿದ್ದರು. ಒಣಗುವುದನ್ನೇ ಕಾಯುತ್ತಿದ್ದಾರೆ ಎಂದು ನನಗೆ ಜೀವ ಕೈಯಲ್ಲಿ. ಗಿಡಗಳು ಹೂ ಬಿಟ್ಟವು, ಕಾಯಾದವು. ಚಳಿ ಕಳೆಯುವ ಹೊತ್ತಿಗೆ ಮೊದಲ ಹಣ್ಣು ಕೆಂಪಾಯಿತು. ಅತ್ತೆ ಅದನ್ನು ಹರಿದು, ಸೆರಗಿಗೆ ಒರೆಸಿ, ಅಲ್ಲೇ ನಿಂತು ಕಚ್ಚಿ ತಿಂದರು.

"ಅವತ್ತ ಮುಟ್ಟಿದಾಕಿ ನೀನಾ ಹೌದಲ್ಲ?"

"ಹೌದ್ರಿ." ಖಾಲಾ ಹೇಳಿದ ಸುಳ್ಳು ಹೊತ್ತು ನನಗೆ ಸಾಕಾಗಿತ್ತು.

ಬೈಯುತ್ತಾರೆಂದು ಕಾದೆ. ಅತ್ತೆ ಚಪ್ಪರದ ಮೂಲೆಯ ಕಡೆ ನೋಡುತ್ತ ನಿಂತಿದ್ದರು. "ನಿನ್ನ ಗಂಡಗ ಆಗ ಮೂರು ವರ್ಷ" ಎಂದರು. "ಜ್ವರ ಬಂದು ಅವ್ವಾ ಅವ್ವಾ ಅಂತ ಅಳತಿದ್ದ. ನಾ ಅಲ್ಲಿ ಕುಂತಿದ್ದೆ. ಮುಟ್ಟಿದ್ರ ಕೂಸಿಗೆ ಏನರೆ ಆದೀತು ಅಂತ ಎತ್ಕೊಳ್ಳಿಲ್ಲ. ಮೂರು ದಿನ ಎತ್ಕೊಳ್ಳಿಲ್ಲ." ಅರ್ಧ ತಿಂದ ಹಣ್ಣು ಕೈಯಲ್ಲೇ ಇತ್ತು. ಅವರ ಕಣ್ಣಲ್ಲಿ ನೀರು ನಾನು ನೋಡಿದ್ದು ಅದೇ ಮೊದಲು.

ಪರೀಕ್ಷೆಗೆ ಕಳಿಸಿದರು. ನನ್ನವ್ವನಿಗೆಂದು ಹಣ್ಣು ಕಟ್ಟಿಕೊಟ್ಟರು. ಪಾಸಾದೆ, ಆದರೆ ಟ್ರೇನಿಂಗಿನ ಮಾತಿಗೆ ಮತ್ತೆ ಎಮ್ಮೆ, ಮತ್ತೆ ಮೊಣಕಾಲು. ಬೀಗವೂ ಇತ್ತು, ತಿಂಗಳಿಗೊಮ್ಮೆ ಗೋಣಿತಟ್ಟೂ ಇತ್ತು; ಓಣಿಯವರು ಏನಂದಾರು ಎಂಬ ಅಂಜಿಕೆ ಅತ್ತೆಗೆ ಹೋಗಲಿಲ್ಲ. ಮುಂದಿನ ಚಳಿಗಾಲ ಮತ್ತೆ ಸಸಿ ಇಟ್ಟೆ. ಒಂದು ಬೆಳಿಗ್ಗೆ ಹೊರಗಾಗಿ ಮೂಲೆಯಲ್ಲಿ ಕೂತಿದ್ದೆ. ಬಿಸಿಲು ಗಾಜಿಗೆ ಬಿತ್ತು. ಅತ್ತೆ ಮುಂಬಾಗಿಲ ಅಗಳಿ ಹಾಕಿ ಬಂದರು, ಗೋಡೆಯ ಮೇಲೊಮ್ಮೆ ಆಚೀಚೆ ನೋಡಿದರು.

"ಯಾರೂ ಇಲ್ಲ" ಎಂದು ಪಿಸುಗುಟ್ಟಿದರು. "ಏಳವಾ, ಬರಣಿ ತೆಗಿ."