ತಿಪ್ಪೆ ಕಾಣದ ಮನೆಗೆ ಹೆಣ್ಣು

ನನ್ನ ಮದುವೆಯ ಮಾತುಕತೆಯಲ್ಲಿ ನನಗಿಂತ ಕಠಿಣವಾದ ಪರೀಕ್ಷೆಗೆ ಕೂತದ್ದು ನಮ್ಮ ಮನೆಯ ತಿಪ್ಪೆ. ಇದನ್ನು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ. ಆಗ ಇತ್ತು, ಯಾಕೆಂದರೆ ಸರ್ಕಾರದ ಮಾತೇ ಉರ್ದುವಾಗಿದ್ದ ಆ ಕಾಲದಲ್ಲಿ ನಾನು ಉರ್ದು ಸಾಲಿಯ ಮಾಸ್ತರ, ತಲೆಗೆ ಟೋಪಿ, ಕಾಲಿಗೆ ಬೂಟು, ಬಾಯಲ್ಲಿ ಒಂದೆರಡು ಷೇರ್ ಪದ್ಯ.

ನಮ್ಮ ಯಲಬುರ್ಗಿ ಕಡೆ ಹೆಣ್ಣಿನವರು ಮನೆ ನೋಡಲು ಬಂದರೆ ಬೆಲ್ಲ-ನೀರು ಮುಗಿಯುವ ಹೊತ್ತಿಗೆ ಅವರಲ್ಲೊಬ್ಬ ಹಿರಿಯ ತಂಬಿಗೆ ನೀರು ಕೇಳುತ್ತಾನೆ. ಹೊರಕಡೆಗೆ ಹೋಗಬೇಕಂತೆ. ತಂಬಿಗೆ ಕೊಡುವವರಿಗೂ ಗೊತ್ತು, ಒಯ್ಯುವವನಿಗೂ ಗೊತ್ತು, ಆ ನೀರು ಖರ್ಚಾಗದೆ ಮರಳಿ ಬರುತ್ತದೆಂದು. ಅವನು ಹೋಗುವುದು ಹಿತ್ತಲ ತಿಪ್ಪೆ ನೋಡಲು. ಜೋಡೆತ್ತು, ಮೈಮೇಲಿನ ಬಂಗಾರ ಇವೆಲ್ಲ ಒಂದು ದಿನದ ಮಟ್ಟಿಗೆ ನೆರೆಮನೆಯಿಂದ ಎರವಲು ಸಿಗುತ್ತವೆ. ಎದೆಮಟ್ಟದ ತಿಪ್ಪೆಯನ್ನು ಎರವಲು ತಂದವರನ್ನು ನಾನಂತೂ ಕಂಡಿಲ್ಲ. ಆದರೆ ನೋಡಿ ಬಂದವನು ನೋಡಿದೆನೆನ್ನಬಾರದು, ಮನೆಯವರು ನೋಡಿದಿರಾ ಎಂದು ಕೇಳಬಾರದು. ಅದು ಮರ್ಯಾದೆ.

ಹುಡುಗಿ ಕುಷ್ಟಗಿ ಕಡೆಯವಳು. ಗೊಬ್ಬರದ ವಿಷಯದಲ್ಲಿ ಆ ಕಡೆಯವರ ಕಣ್ಣು ನಮ್ಮದಕ್ಕಿಂತ ಚುರುಕು. ನಮ್ಮದು ಎರೆ ಭೂಮಿ; ಕಪ್ಪು ಮಣ್ಣು ಹಾಕಿದ್ದನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡು ನಿಧಾನಕ್ಕೆ ಉಣ್ಣುತ್ತದೆ, ನಮ್ಮನ್ನೂ ಸ್ವಲ್ಪ ಸೋಮಾರಿಗಳನ್ನಾಗಿ ಮಾಡುತ್ತದೆ. ಅವರದು ಮಸಾರಿ, ಆ ಕೆಂಪು ಮಣ್ಣು ಕೊಟ್ಟದ್ದನ್ನೆಲ್ಲ ಒಂದೇ ಮಳೆಗಾಲದಲ್ಲಿ ಮುಗಿಸಿ ಮತ್ತೆ ಕೈ ಚಾಚುತ್ತದೆ. ಕುರಿಗಾರರು ಬಂದರೆ ಸಾಕು, ಜೋಳ ಕೊಟ್ಟು, ಹಿಕ್ಕೆಯ ಗೊಬ್ಬರಕ್ಕಾಗಿ ತಂತಮ್ಮ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳಲು ಅವರಲ್ಲಿ ಜಗಳವೇ ಆಗುತ್ತಿತ್ತು. ಅಂಥ ಊರಿನ ಹುಡುಗಿಯನ್ನು ನಾನು ಒಂದು ಹುಣ್ಣಿಮೆಗೆ ಹುಲಿಗಿಯ ಹೊಳೆದಂಡೆಯಲ್ಲಿ ಕಂಡಿದ್ದೆ. ಬಿಸಿಲಲ್ಲಿ ಎತ್ತು ಕಟ್ಟಿದ್ದಕ್ಕೆ ತಮ್ಮ ಗಾಡಿಯವನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಬೈಸಿಕೊಳ್ಳುವುದಾದರೆ ಈಕೆಯಿಂದಲೇ ಎಂದು ನಾನು ಅಲ್ಲಿಯೇ ತೀರ್ಮಾನಿಸಿದೆ. ಹಟ ಹಿಡಿದು ಮಾತು ಹೇಳಿ ಕಳಿಸಿದೆ.

ಇನ್ನು ನಮ್ಮಪ್ಪ. ಎರಡನೇ ಮಹಾಯುದ್ಧ ನಡೆದಿದ್ದ ಕಾಲ; ಹೆಚ್ಚು ಬೆಳೆಯಿರಿ ಎಂದು ಹೇಳಿಕೊಂಡು ಸರ್ಕಾರದ ಸಾಹೇಬರು ಊರೂರು ತಿರುಗುತ್ತಿದ್ದರು. ಅಂಥವರೊಬ್ಬರು ಗಂಗಾವತಿ ಸಂತೆಯಲ್ಲಿ ನಿಂತು, ಬಯಲಲ್ಲಿಟ್ಟ ಗೊಬ್ಬರದ ಸತ್ವವನ್ನು ಬಿಸಿಲು ಗಾಳಿ ತಿಂದುಹಾಕುತ್ತವೆ, ಗುಂಡಿ ತೆಗೆದು ತುಂಬಿ ಮೇಲೆ ಮಣ್ಣು ಮುಚ್ಚಿರಿ ಎಂದರಂತೆ. ಅಪ್ಪನಿಗೆ ಅದು ಕೃಷಿಯ ಮಾತಾಗಿ ಕೇಳಲಿಲ್ಲ, ಕಳ್ಳತನದ ಸುದ್ದಿಯಾಗಿ ಕೇಳಿಸಿತು. ಇಷ್ಟು ವರ್ಷ ತನ್ನ ಹಿತ್ತಲಿಗೆ ಸೂರ್ಯ ಹಾಡುಹಗಲೇ ಕನ್ನ ಹಾಕಿದ್ದಾನೆ! ಮನೆಗೆ ಬಂದವನೇ ಆಳು ಹಚ್ಚಿ ಗುಂಡಿ ತೋಡಿಸಿ, ಅಜ್ಜನ ಕಾಲದಿಂದ ಬೆಳೆದು ನಿಂತಿದ್ದ ತಿಪ್ಪೆಯನ್ನು ಅದರೊಳಗೆ ಇಳಿಸಿ, ಮೇಲೆ ಮಣ್ಣು ಎಳೆದು ಅಂಗಳದ ಹಾಗೆ ಸಾರಿಸಿಬಿಟ್ಟ. ಅದರ ಮೇಲೆ ರಂಗೋಲಿ ಹಾಕಲು ಅವ್ವ ಒಪ್ಪಲಿಲ್ಲ, ಅಷ್ಟೇ ಕೊರತೆ.

ಅದಾದ ಕೆಲವೇ ದಿನಕ್ಕೆ ಹೆಣ್ಣಿನವರು ಮನೆ ನೋಡಲು ಬಂದರು. ಹೆಣ್ಣಿನ ಸೋದರಮಾವ ಬಸಪ್ಪನವರು ತಂಬಿಗೆ ಹಿಡಿದು ಹಿತ್ತಲಿಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ಸಣ್ಣದಾಗಿತ್ತು. ತಂಬಿಗೆ ಕೆಳಗಿಟ್ಟು, ಕೊಟ್ಟಿಗೆಯ ಕಡೆ ನೋಡುತ್ತ ಕೇಳಿದರು:

“ದನಾ ಕಾಣಸ್ವಲ್ಲವಲ್ರೀ ಯಜಮಾನ್ರ?”

“ಗಾಯರಾಣಕ್ಕ ಮೇಯಾಕ ಹೋಗ್ಯಾವ್ರಿ,” ಎಂದ ಅಪ್ಪ. ಗಾಯರಾಣ ಅಂದರೆ ಊರ ದನಗಳಿಗೆಂದು ಬಿಟ್ಟ ಹುಲ್ಲುಗಾವಲು. ಮಾತು ನಿಜ. ಆದರೆ ದನವೂ ಇಲ್ಲ, ಅವುಗಳ ಗುರುತೂ ಇಲ್ಲ ಎಂದ ಮೇಲೆ ನಿಜಕ್ಕೆ ಸಾಕ್ಷಿ ಯಾರು?

“ಹೂಂ. ಹೋಗಿರಬೇಕ್ರಿ,” ಎಂದು ಬಸಪ್ಪನವರು ರುಮಾಲು ಸರಿಮಾಡಿಕೊಂಡು ಎದ್ದರು. “ಊರಿಗೆ ಹೋಗಿ ಹೇಳಿ ಕಳಸ್ತೀವ್ರಿ.”

ಹೇಳಿ ಕಳಿಸುತ್ತೇವೆ ಎಂದವರು ಯಾರೂ ಹೇಳಿ ಕಳಿಸುವುದಿಲ್ಲ. ಆಕೆ ನನಗೆ ಬೇಕಾಗಿದ್ದಳು. ಅಷ್ಟು ಬೇಕಾಗಿದ್ದಳು ಎಂದು ತಿಳಿದದ್ದು ಆ ಗಳಿಗೆಯಲ್ಲೇ. ಮದುಮಗ ಬಾಯಿ ತೆರೆಯುವಂತಿಲ್ಲ. ಅಪ್ಪನೂ ತನ್ನ ತಿಪ್ಪೆಯನ್ನು ತಾನೇ ಹೊಗಳಿಕೊಳ್ಳುವಂತಿಲ್ಲ. ನಾನು ಅಪ್ಪನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಅಲ್ಲಿ ಏನು ಕಂಡನೋ, ಧೋತರ ಮೇಲೆ ಕಟ್ಟಿ ಗೋಡೆಗೆ ಆನಿಸಿದ್ದ ಸಲಿಕೆ ಎತ್ತಿಕೊಂಡ.

“ಬರ್ರಿ ಬಸಪ್ಪನವರ, ಒಂದೀಟು ಹಿತ್ತಲಕ.”

ಎಲ್ಲರೂ ಹೋದೆವು. ಅಪ್ಪ ಸಾರಿಸಿದ ನೆಲವನ್ನು ಕಡಿದು ತೆಗೆದ. ಬಿಸಿಯಾದ ಹಬೆ ಎದ್ದಿತು. ಒಳಗೆ ಸಲಿಕೆಯ ಹಿಡಿಕೆ ಪೂರ್ತಿ ಇಳಿದರೂ ತಳ ಸಿಗಲಿಲ್ಲ. ಬಸಪ್ಪನವರು ಕೂತು ಒಂದು ಹಿಡಿ ತೆಗೆದು ಮೂಸಿದರು, ಹಿಚುಕಿದರು, ಅಂಗೈ ಮೇಲೆ ಹರವಿ ಬೆಳಕಿಗೆ ಹಿಡಿದರು. ಬಂಗಾರವನ್ನೂ ಅವರು ಅಷ್ಟು ಹೊತ್ತು ನೋಡಿರಲಾರರು. ಅತ್ತ ಅಪ್ಪ ಚಡಪಡಿಸತೊಡಗಿದ. ಒಮ್ಮೆ ಸೂರ್ಯನನ್ನು ನೋಡುತ್ತಾನೆ, ಒಮ್ಮೆ ಗುಂಡಿಯನ್ನು.

“ಲಗೂನ ಹೇಳ್ರಿ! ಸತ್ವ ಎಲ್ಲಾ ಹಾರಿ ಹೊಂಟೈತಿ!”

“ಮುಚ್ಚರಿ, ಮುಚ್ಚರಿ,” ಬಸಪ್ಪನವರೂ ಗಾಬರಿಯಾದರು. “ಕೊಟ್ಟೀವಿ, ಕೊಟ್ಟೀವಿ. ಮೊದಲ ಮುಚ್ಚರಿ!”

ಹೀಗೆ ನನ್ನ ಮದುವೆ ಒಂದು ಗುಂಡಿಯ ಬಾಯಿ ಮುಚ್ಚುವ ಅವಸರದಲ್ಲಿ ನಿಶ್ಚಯವಾಯಿತು. ನನ್ನನ್ನು ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಗ ಬೇಸರವಾಗಿತ್ತು. ಯೋಚಿಸಿದರೆ ಅವರದು ತಪ್ಪಲ್ಲ. ಮುಂದಿನ ವರ್ಷವೂ ಇದೇ ಹೊಲದಲ್ಲಿರುತ್ತೇನೆಂದು ನಂಬಿದವನು ಮಾತ್ರ ಗೊಬ್ಬರ ಕೂಡಿಹಾಕುತ್ತಾನೆ. ಮಗಳನ್ನು ಕೊಡುವವರು ಹುಡುಕುವುದು ಆ ನಂಬಿಕೆಯನ್ನೇ.

ಮದುವೆಯಾದ ಹೊಸದರಲ್ಲಿ, ಒಂದಿಷ್ಟು ಹೊಗಳಿಕೆ ಸಿಗಬಹುದೆಂಬ ಆಸೆಯಿಂದ ಹೆಂಡತಿಯನ್ನು ಕೇಳಿದೆ: “ನಿಮ್ಮ ಮಾವ ನೋಡಿ ಬಂದು ಏನಂದ್ರು?”

“ಮನಿ ಭಾಳ ಛಲೋ ಐತಿ, ಹುಡುಗನೂ ಅದಾನ ಅಂದ್ರು.”

“ಅಷ್ಟಕ್ಕ ನೀ ಹೂಂ ಅಂದ್ಯಾ?”

“ಇಲ್ಲರೀ. ನಾ ಒಂದು ಮಾತು ಕೇಳಿದೆ. ಗುಂಡಿ ತೆರೆದಾಗ ಮಾಸ್ತರ್ರು ಮೂಗು ಮುಚ್ಚಿಕೊಂಡ್ರೇನು ಅಂತ. ಇಲ್ಲ, ಗುಂಡಿ ಹತ್ರನ ನಿಂತಿದ್ದ ಅಂದ್ರು. ಆಮ್ಯಾಲೆ ಹೂಂ ಅಂದೆ.”

ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ನನಗೆ ಯಾವ ವಾಸನೆಯೂ ಬಂದಿರಲಿಲ್ಲ. ಆಕೆ ಎಲ್ಲಿ ಕೈತಪ್ಪಿ ಹೋಗುತ್ತಾಳೋ ಎಂದು ಉಸಿರಾಡುವುದನ್ನೇ ಮರೆತು ನಿಂತಿದ್ದೆ.